ಬಾಡಿಗೆಗೆ ಸಿಗದ ಬಟ್ಟೆ

ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಖಜಾಂಚಿಯಾಗಿ ಒಂಬತ್ತು ವರ್ಷವಾಯಿತು. ಬೇರೆ ಯಾರೂ ಒಪ್ಪದ್ದರಿಂದ ನನಗೆ ಸಿಕ್ಕ ಹುದ್ದೆ ಅದು. ‘ನೀವು ಬ್ಯಾಂಕಿನಲ್ಲಿದ್ದವರು, ಬಿ.ಕಾಂ. ಬೇರೆ ಓದಿದ್ದೀರಿ’ ಎಂದು ಹೊಗಳಿ ರಸೀದಿ ಪುಸ್ತಕವನ್ನು ಕೈಗೆ ಕೊಟ್ಟರು. ಅಂದಿನಿಂದ ಪಾರ್ಕಿನ ಬಲ್ಬಿನಿಂದ ಹಿಡಿದು ಗಣೇಶನ ಹಬ್ಬದ ಚಪ್ಪರದವರೆಗೆ ಎಲ್ಲ ಲೆಕ್ಕವೂ ನನ್ನ ತಲೆಯ ಮೇಲೆ. ಹೋದ ವರ್ಷ ರಾಜ್ಯೋತ್ಸವಕ್ಕೆ ಏನು ಮಾಡೋಣ ಎಂದು ಸಭೆ ಸೇರಿದಾಗ, ಬಡಾವಣೆಗೆ ಹೊಸದಾಗಿ ಬಂದ ತರುಣಿಯೊಬ್ಬಳು ಎದ್ದು ನಿಂತಳು. ‘ಪ್ರತಿ ವರ್ಷ ಅದೇ ಬಾವುಟ, ಅದೇ ಭಾಷಣ, ಅದೇ ಕೇಸರಿಬಾತು. ಈ ಸಲ ಒಂದು ಫ್ಯಾಷನ್ ಷೋ ಮಾಡೋಣ ಅಂಕಲ್’ ಎಂದಳು. ನನ್ನ ವಯಸ್ಸಿನವರೆಲ್ಲ ಒಟ್ಟಿಗೆ ಕೆಮ್ಮಿದರು.

‘ಅಯ್ಯೋ, ಟೀವಿಯಲ್ಲಿ ಬರುತ್ತಲ್ಲ ಆ ಥರದ್ದಲ್ಲ’ ಎಂದು ಅವಳು ನಕ್ಕಳು. ನಮ್ಮ ಆರು ಅಡ್ಡರಸ್ತೆಗಳಲ್ಲಿ ಎಷ್ಟು ಕಡೆಯ ಜನರಿದ್ದಾರೆ ನೋಡಿ ಎಂದು ಬೆರಳು ಮಡಿಚುತ್ತಾ ಎಣಿಸಿದಳು. ಕೊಡಗಿನವರು, ಬಾಗಲಕೋಟೆ ಕಡೆಯವರು, ಕೇರಳದವರು, ಅಸ್ಸಾಮಿನ ಗಂಡ ಹೆಂಡತಿ, ರಾತ್ರಿ ಕಾವಲಿಗೆ ನೇಪಾಳದವರು. ಒಬ್ಬೊಬ್ಬರ ಉಡುಗೆಯೂ ಬೇರೆ. ಮಕ್ಕಳು ಅವನ್ನೆಲ್ಲ ತೊಟ್ಟು ವೇದಿಕೆಯ ಮೇಲೆ ನಡೆದರೆ ಎಷ್ಟು ಚೆಂದ! ಮಾತು ಕೇಳಿದ ಮೇಲೆ ಯಾರಿಗೂ ಬೇಡವೆನ್ನಲು ಕಾರಣ ಸಿಗಲಿಲ್ಲ. ಇಪ್ಪತ್ತು ಉಡುಗೆಗಳ ಪಟ್ಟಿಯಾಯಿತು. ಯಾರಿಗೆ ಯಾವುದು ಎಂದು ಮಕ್ಕಳಿಂದ ಚೀಟಿ ಎತ್ತಿಸಿದರು. ಬಟ್ಟೆಯನ್ನು ನಾಟಕದ ಉಡುಪು ಬಾಡಿಗೆಗೆ ಕೊಡುವ ಅಂಗಡಿಯಿಂದ ತರುವುದೆಂದು ತೀರ್ಮಾನವಾಯಿತು. ಒಂದು ಜೊತೆಗೆ 450 ರೂಪಾಯಿ, ಇಪ್ಪತ್ತು ಜೊತೆಗೆ 9,000. ಮುಂಗಡ 2,000.

ಆ ಮೊತ್ತ ಕೇಳಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಮುಂಗಡವನ್ನೇನೋ ಕೊಟ್ಟು ಬಂದೆ. ಆದರೆ ಉಳಿದ ಹಣ ಉಳಿಸುವ ದಾರಿ ಹುಡುಕದೆ ಇದ್ದರೆ ನಾನು ಎಂಥ ಖಜಾಂಚಿ? ‘ಆದಷ್ಟು ಬಟ್ಟೆಯನ್ನು ಬಡಾವಣೆಯಲ್ಲೇ ಎರವಲು ತರೋಣ, ಬಡ್ಡಿಯಿಲ್ಲದ ಸಾಲ’ ಎಂದೆ. ‘ಹಾಗಾದರೆ ಆ ಕೆಲಸ ನಿಮ್ಮದೇ’ ಎಂದರು. ಸಭೆಯಲ್ಲಿ ಬಾಯಿ ಬಿಟ್ಟವನಿಗೇ ಕೆಲಸ ಬೀಳುವುದು ಎಲ್ಲ ಸಂಘಗಳ ನಿಯಮವಿರಬೇಕು.

ಹತ್ತು ವರ್ಷದ ನನ್ನ ಮೊಮ್ಮಗಳಿಗೆ ಬಂದ ಚೀಟಿ ‘ಲಂಬಾಣಿ’. ಅವಳಿಗೆ ಹಿಡಿಸಲಾರದಷ್ಟು ಸಂತೋಷ. ‘ತಾತ, ಮೈ ತುಂಬ ಕನ್ನಡಿ!’ ಎಂದು ಕುಣಿದಳು.

ಈ ಅಂಕಣ ಓದುವ ಮಕ್ಕಳಿಗೆ ಗೊತ್ತು, ನಾನು ಇಡೀ ನೌಕರಿಯನ್ನು ಕೌಂಟರಿನ ಹಿಂದೆ ಕಳೆದವನು. ಕೌಂಟರಿನ ಕಿಂಡಿಯಿಂದ ಮುಖಕ್ಕಿಂತ ಹೆಚ್ಚಾಗಿ ಕಾಣುವುದು ಬಟ್ಟೆ. ನನ್ನ ಮೊದಲ ಊರು ಇಳಕಲ್. ಅಲ್ಲಿಯ ಹೆಂಗಸರು ದುಡ್ಡನ್ನು ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದರು. ಗಂಟು ಬಿಚ್ಚಲು ಹಲ್ಲು ಬೇಕಾಗುತ್ತಿತ್ತು. ಆ ಸೆರಗೂ ಸಾಮಾನ್ಯದ್ದಲ್ಲ. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ನೇಕಾರರು ಅದನ್ನು ತೋಪ್ ತೆನಿ ಎನ್ನುತ್ತಾರೆ. ಮೈ ಹತ್ತಿಯದಾಗಿದ್ದರೂ ಕೆಂಪು ಸೆರಗು ರೇಷ್ಮೆಯದಾಗಿರಲು ಸಾಧ್ಯವಾಗುವುದು ಈ ಕೊಂಡಿಯಿಂದ. ಅಲ್ಲಿಯ ಗಂಡಸರು ನೋಟುಗಳನ್ನು ರುಮಾಲಿನ ಸುತ್ತಿನೊಳಗಿಂದ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಆ ನೋಟುಗಳು ಬೆವರಿನಿಂದ ಒದ್ದೆಯಾಗಿರುತ್ತಿದ್ದವು. ಎಣಿಸಿದ ಮೇಲೆ ನಾನು ಫ್ಯಾನಿನ ಕೆಳಗೆ ಹರಡುತ್ತಿದ್ದೆ.

ಅಲ್ಲಿಂದ ಹೊಸಪೇಟೆಗೆ ವರ್ಗವಾಯಿತು. ಸುತ್ತಮುತ್ತಲ ತಾಂಡಾಗಳಿಂದ ಲಂಬಾಣಿ ಹೆಂಗಸರು ಬರುತ್ತಿದ್ದರು. ಕೆಂಪು ಫೇಟಿಯಾ, ಕನ್ನಡಿ ಮತ್ತು ನಾಣ್ಯ ಹೊಲಿದ ಕಾಂಚಳಿ, ಕೈ ತುಂಬ ಬಿಳಿಯ ಬಳೆ. ಸೊಂಟದಲ್ಲಿ ಸಿಕ್ಕಿಸಿದ ಕವಡೆ ಹೊಲಿದ ಪುಟ್ಟ ಚೀಲದಲ್ಲಿ ದುಡ್ಡು. ಅವರು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಗಿಲಕಿಯ ಸದ್ದಿಗೆ ನಾವು ತಲೆಯೆತ್ತುತ್ತಿದ್ದೆವು. ಆ ಬಟ್ಟೆಯೆಂದರೆ ನನಗೆ ಚೆನ್ನಾಗಿ ಗೊತ್ತು ಎಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ನಮ್ಮ ಪಾರ್ಕು ಗುಡಿಸುವವರು ಹೂವಿನಹಡಗಲಿ ಕಡೆಯ ಲಂಬಾಣಿಯವರು. ಅರವತ್ತರ ಆಸುಪಾಸು. ಕಟ್ಟಡದ ಕೆಲಸಕ್ಕೆಂದು ಮೈಸೂರಿಗೆ ಬಂದು, ಸೊಂಟ ನೋವು ಶುರುವಾದ ಮೇಲೆ ಈ ಕೆಲಸ ಹಿಡಿದವರು. ಉಡುವುದು ಎಲ್ಲರಂತೆ ಮಿಲ್ ಸೀರೆ. ಬೆಳಗಿನ ವಾಕಿಂಗ್ ಮುಗಿಸಿ ಅವರ ಬಳಿ ಹೋಗಿ, ‘ಏನಮ್ಮ, ನಿಮ್ಮ ಹಳೆಯ ಉಡುಪು ಮನೆಯಲ್ಲಿ ಇದೆಯಾ? ನಮ್ಮ ಮೊಮ್ಮಗಳಿಗೆ ಒಂದು ದಿನದ ಮಟ್ಟಿಗೆ ಬೇಕಿತ್ತು, ಪ್ರೋಗ್ರಾಮಿಗೆ’ ಎಂದು ಕೇಳಿದೆ. ‘ಒಗೆಸಿ, ಇಸ್ತ್ರಿ ಮಾಡಿಸಿ ವಾಪಸ್ ಕೊಡುತ್ತೇವೆ’ ಎಂದೂ ಸೇರಿಸಿದೆ.

ಅವರು ಪೊರಕೆಯನ್ನು ಮರಕ್ಕೆ ಒರಗಿಸಿದರು. ‘ಐತ್ರಿ ಸರ. ಟ್ರಂಕಿನ್ಯಾಗ ಐತಿ. ನಮ್ಮವ್ವ ನನ್ನ ಮದುವಿಗಂತ ಹೊಲದದ್ದು. ಎರಡ್ ವರ್ಷ ಹೊಲದಾಳ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಇಲ್ಲಿಗೆ ಬಂದಾಗ ಅದನ್ನ ಉಟಗೊಂಡ ಬಂದಿದ್ದೆ. ಬಸ್ ಹತ್ತಿದ್ರ ಮಂದಿ ಸರದು ಕುಂದರತಿದ್ರು. ಬಾಡಗಿ ಮನಿ ಕೇಳಾಕ ಹೋದ್ರ ಬಾಗಲದಾಗ ನೋಡಿನ ಇಲ್ಲ ಅಂತಿದ್ರು. ಆವಾಗ ಬಿಚ್ಚಿಟ್ಟೆ. ನಾನು ಉಟ್ರ ನಗೋದು, ನಿಮ್ಮ ಹುಡುಗಿ ಉಟ್ರ ಚಪ್ಪಾಳಿ ಹೊಡಿಯೋದು. ಹೆಂಗ್ ಕೊಡ್ಲಿ ಹೇಳ್ರಿ?’

ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ನೀರು ಬಂದಿಲ್ಲ ಎನ್ನುವ ಧಾಟಿಯಲ್ಲಿ ಹೇಳಿ, ಮತ್ತೆ ಪೊರಕೆ ತೆಗೆದುಕೊಂಡರು.

ಮನೆಗೆ ಹೋಗುವ ದಾರಿಯಲ್ಲಿ ನನಗೆ ಹೊಸಪೇಟೆಯ ಕೌಂಟರು ನೆನಪಾಯಿತು. ಟೋಕನ್ ನಂಬರು ಕೂಗಿದರೆ ಕೆಲವರಿಗೆ ತಿಳಿಯುತ್ತಿರಲಿಲ್ಲ. ಆಗ ಹೆಸರು ಹಿಡಿದು ಕರೆಯಬೇಕು. ಬೇರೆಯವರನ್ನೆಲ್ಲ ಹೆಸರು ಹಿಡಿದೇ ಕರೆಯುತ್ತಿದ್ದೆ. ಇವರನ್ನು ಮಾತ್ರ ‘ಏ, ಕನ್ನಡಿ ಬಟ್ಟೆಯವರು ಬನ್ನಿ’ ಎನ್ನುತ್ತಿದ್ದೆ. ಹಿಂದೆ ನಿಂತವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಪಾಸ್‌ಬುಕ್ಕಿನಲ್ಲಿ ಹೆಸರು ಸ್ಪಷ್ಟವಾಗಿ ಇರುತ್ತಿತ್ತು. ಬರೆದವನೂ ನಾನೇ.

ಮೊಮ್ಮಗಳು ಬಾಗಿಲಲ್ಲೇ ಕಾದಿದ್ದಳು. ಕೊಡುವುದಿಲ್ಲವಂತೆ ಎಂದಾಗ ಮುಖ ಊದಿಸಿದಳು. ‘ಪರವಾಗಿಲ್ಲ, ಅಂಗಡಿಯದೇ ಹಾಕೋತೀನಿ’ ಎಂದಳು. ಅವಳಿಗೆ ಹೇಗೆ ತಿಳಿಸುವುದು? ಅವಳ ಶಾಲೆಯ ಗೋಡೆಯ ಮೇಲೆ ತುಳಸಿ ಗೌಡರ ಒಂದು ಚಿತ್ರವಿದೆ. ನೀವೂ ನೋಡಿರುತ್ತೀರಿ ಮಕ್ಕಳೇ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಅಜ್ಜಿ, ಜೀವನವಿಡೀ ಗಿಡ ನೆಟ್ಟವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ, ತಮ್ಮವರು ಉಡುವ ರೀತಿಯಲ್ಲೇ ಸೀರೆ ಉಟ್ಟು, ಕುತ್ತಿಗೆ ತುಂಬ ಮಣಿಸರ ಧರಿಸಿ ನಡೆದು ಹೋದರು. ಆ ಚಿತ್ರ ನೆನಪಿದೆಯಾ ಎಂದು ಕೇಳಿದೆ. ‘ಹೂಂ, ನಮ್ಮ ಕ್ಲಾಸಿನವಳು ಫ್ಯಾನ್ಸಿ ಡ್ರೆಸ್ಸಿಗೆ ಅದೇ ವೇಷ ಹಾಕಿದ್ದಳು’ ಎಂದಳು. ಸ್ವಲ್ಪ ತಡೆದು ತಾನೇ ಕೇಳಿದಳು: ‘ತಾತ, ಆ ಅಜ್ಜಿಗೆ ಅದು ವೇಷ ಅಲ್ಲ ಅಲ್ವಾ?’

ನಾನು ಉತ್ತರ ಕೊಡುವ ಅಗತ್ಯ ಬೀಳಲಿಲ್ಲ.

ಮುಂದಿನ ಸಭೆಯಲ್ಲಿ ಪಾರ್ಕಿನ ಮಾತನ್ನು ಇದ್ದ ಹಾಗೆಯೇ ಹೇಳಿದೆ. ಹೊಸಪೇಟೆಯದನ್ನೂ ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಸಭೆಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ಮೊಣಕಾಲು ನೋವಿನ ಮುಂದೆ ಅದೇನು ಮಹಾ. ಆದರೆ ಎಲ್ಲರೂ ಒಪ್ಪಲಿಲ್ಲ. ‘ಮಕ್ಕಳು ಆಟಕ್ಕೆ ಹಾಕಿಕೊಳ್ಳುತ್ತಾರೆ, ಅವಮಾನ ಮಾಡಬೇಕೆಂದಲ್ಲ. ಇಷ್ಟು ಯೋಚಿಸಿದರೆ ಯಾರೂ ಯಾರ ಬಟ್ಟೆಯನ್ನೂ ಹಾಕುವ ಹಾಗಿಲ್ಲ’ ಎಂದರು ಒಬ್ಬರು. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನನ್ನ ಹೆಂಡತಿ ಇಳಕಲ್ಲಿನಲ್ಲಿ ಪಕ್ಕದ ಮನೆಯವರಿಂದ ಕಲಿತು ಅಲ್ಲಿಯ ಸೀರೆಯನ್ನೂ ಗುಳೇದಗುಡ್ಡದ ಖಣದ ಕುಬಸವನ್ನೂ ವರ್ಷಗಟ್ಟಲೆ ಉಟ್ಟವಳು, ನಾವೇನೂ ಆ ಕಡೆಯವರಲ್ಲ. ಆದರೆ ಅವಳಿಗೆ ಉಡಿಸಿ ಕಳಿಸಿದವರು ಆ ಮನೆಯವರು.

ಅಷ್ಟರಲ್ಲಿ ಮೂರನೇ ಅಡ್ಡರಸ್ತೆಯ ಕೊಡಗಿನ ನಿವೃತ್ತ ಸೇನಾಧಿಕಾರಿ ಎದ್ದರು. ಅವರು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಅಂಗಡಿಯಲ್ಲಿ ‘ಕೊಡವ ಡ್ರೆಸ್’ ಹೇಗಿದೆಯೆಂದು ಅವರು ಹೋಗಿ ನೋಡಿ ಬಂದಿದ್ದರಂತೆ. ಹೊಳೆಯುವ ಸ್ಯಾಟಿನ್ ಬಟ್ಟೆಯ ಬಿಳಿಯ ಕುಪ್ಯ. ‘ಕುಪ್ಯ ಅಂದರೆ ಕಪ್ಪು. ಬಿಳಿ ಕುಪ್ಯ ನಮ್ಮಲ್ಲಿ ಮದುಮಗನದು. ನಿಮ್ಮ ಅಂಗಡಿಯವನು ಮೂರನೇ ಕ್ಲಾಸಿನ ಹುಡುಗನಿಗೆ ಮದುವೆ ಮಾಡಿಸಲು ಹೊರಟಿದ್ದಾನೆ’ ಎಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಆ ನಗುವಿನ ನಡುವೆಯೇ ತೀರ್ಮಾನವಾಯಿತು: ಬಾಡಿಗೆ ಬಟ್ಟೆ ಬೇಡ. ಅವರವರ ಮನೆಯ ಟ್ರಂಕಿನಲ್ಲಿ ಇರುವುದನ್ನೇ ತೊಡುವುದು. ಅದನ್ನು ಮನೆಯಲ್ಲಿ ಯಾರು ತೊಡುತ್ತಿದ್ದರು, ಯಾವಾಗ ತೊಡುತ್ತಿದ್ದರು ಎಂದು ಎರಡು ಮಾತು ಹೇಳುವುದು. ದೊಡ್ಡವರೂ ನಡೆಯಬಹುದು. ಬಹುಮಾನ ಇಲ್ಲ.

ಪಟ್ಟಿ ಇಪ್ಪತ್ತರಿಂದ ಹದಿಮೂರಕ್ಕೆ ಇಳಿಯಿತು. ‘ರಾಜಸ್ಥಾನ’ದ ಚೀಟಿ ಸಿಕ್ಕಿದ್ದ ಹುಡುಗ ಅತ್ತನಂತೆ. ಅವನ ತಾಯಿ ನನ್ನೊಡನೆ ಹದಿನೈದು ದಿನ ಮಾತು ಬಿಟ್ಟರು. ಅಂಗಡಿಯವನು ಮುಂಗಡ ವಾಪಸ್ ಕೊಡಲಿಲ್ಲ. ‘ಮುಂಗಡ ನಷ್ಟ, ರೂ. 2,000’ ಎಂದು ಲೆಕ್ಕದಲ್ಲಿ ಬರೆಯುವಾಗ ಕೈ ನಡುಗಿದ್ದು ನಿಜ.

ಆದರೆ ಟ್ರಂಕುಗಳು ತೆರೆದುಕೊಂಡವು. ಸಂಜೆ ಹೊತ್ತು ಪಟ್ಟಿ ಹಿಡಿದು ಮನೆಮನೆಗೆ ಹೋದರೆ ಕಾಫಿಯ ಜೊತೆ ನುಸಿಗುಳಿಗೆಯ ವಾಸನೆ. ಅಸ್ಸಾಮಿನ ಹೆಣ್ಣುಮಗಳು ತನ್ನ ಮೇಖಲಾ ಚಾದರ್ ಬಿಡಿಸಿ ತೋರಿಸಿದಳು. ದೂರದಿಂದ ಸೀರೆಯಂತೆ ಕಂಡರೂ ಅದು ಎರಡು ತುಂಡು. ಕೆಳಗೆ ಮೇಖಲಾ, ಮೇಲೆ ಚಾದರ್. ಕೇರಳದ ಅಮ್ಮನ ಸೆಟ್ ಮುಂಡೂ ಎರಡೇ ತುಂಡು. ಇಬ್ಬರೂ ಒಂದೇ ರಸ್ತೆಯಲ್ಲಿ ನಾಲ್ಕು ವರ್ಷ ಇದ್ದು ಇದನ್ನು ಮಾತಾಡಿದ್ದು ಆ ದಿನವೇ. ಬಾಗಲಕೋಟೆಯವರ ಮನೆಯಲ್ಲಿ ಕಸೂತಿ ಹಾಕಿದ ಹಳೆಯ ಇಳಕಲ್ ಸೀರೆ ಹೊರಬಂತು. ಸೆರಗನ್ನು ಹಿಂದುಮುಂದು ತಿರುಗಿಸಿ ತೋರಿಸಿದರು. ಗವಂತಿ ಹೊಲಿಗೆಗೆ ಗಂಟಿಲ್ಲ, ಎರಡೂ ಮಗ್ಗುಲು ಒಂದೇ ಸಮ. ನಮ್ಮ ಬ್ಯಾಂಕಿನ ಡೇಬುಕ್ಕೂ ಹಾಗೆ ಒಂದು ದಿನವೂ ಸರಿಹೊಂದುತ್ತಿರಲಿಲ್ಲ. ಸಾಹೇಬರ ಮನೆಯಲ್ಲಿ ಅತ್ತರಿನ ಪರಿಮಳದ, ಅವರ ತಂದೆಯ ಮದುವೆಯ ಶೇರ್ವಾನಿ. ‘ನಮ್ಮನೇಲಿ ಏನೂ ಇಲ್ಲ, ಎಲ್ಲರೂ ಜೀನ್ಸು’ ಎಂದು ಸಪ್ಪಗಿದ್ದ ಒಬ್ಬ ಹುಡುಗ ಎರಡು ದಿನ ಬಿಟ್ಟು ಓಡಿ ಬಂದ. ಅವನ ಅಜ್ಜ ಇಲ್ಲಿಯ ರೈಲ್ವೆ ವರ್ಕ್‌ಷಾಪಿನಲ್ಲಿ ತೊಡುತ್ತಿದ್ದ ನೀಲಿ ಅಂಗಿ ಸಿಕ್ಕಿತ್ತು. ಜೇಬಿನ ಅಂಚಿನಲ್ಲಿ ಇನ್ನೂ ಎಣ್ಣೆಯ ಕಲೆ. ಅದು ಸಂಸ್ಕೃತಿಯ ಉಡುಗೆ ಹೇಗಾಗುತ್ತದೆ ಎಂದು ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು. ನಾನು ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ಬರೆದುಬಿಟ್ಟೆ. ಪೆನ್ನು ನನ್ನ ಕೈಯಲ್ಲಿತ್ತಲ್ಲ.

ಮೊಮ್ಮಗಳಿಗೆ ಅವಳ ಅಜ್ಜಿಯ ಮೈಸೂರು ರೇಷ್ಮೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿದ ಕಾರ್ಖಾನೆಯ ಸೀರೆ, ನನ್ನ ಮೊದಲ ಬೋನಸ್ಸಿನಲ್ಲಿ ಕೊಂಡದ್ದು. ಅಂಚು ಗಟ್ಟಿಯಾಗಿತ್ತು, ನಡುವೆ ಸವೆದಿತ್ತು. ಕತ್ತರಿಸಿ ಲಂಗ ಹೊಲಿಸಿದೆವು. ಕತ್ತರಿ ಹಾಕುವಾಗ ನನ್ನ ಹೆಂಡತಿ ಅಡುಗೆಮನೆಗೆ ಹೋಗಿಬಿಟ್ಟಳು.

ನಮ್ಮ ತಂದೆಯ ಪೇಟವೂ ಸಿಕ್ಕಿತು. ಅವರು ಕಚ್ಚೆಪಂಚೆ, ಕೋಟು, ಪೇಟವಿಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಪೇಟವೇನೋ ಸುತ್ತಿಟ್ಟದ್ದು, ತಲೆಗೆ ಇಟ್ಟರಾಯಿತು. ಕಚ್ಚೆ ಕಟ್ಟಲು ಮಾತ್ರ ನನಗೆ ಬರದು. ಎದುರು ಮನೆಯ ಪುರೋಹಿತರ ಮಗ, ಇಪ್ಪತ್ತೆರಡರ ಹುಡುಗ, ಮೂರು ಸಂಜೆ ಕಲಿಸಿದ. ‘ಅಂಕಲ್, ಉಸಿರು ಬಿಡಿ’ ಎನ್ನುತ್ತಿದ್ದ.

ಇದರ ನಡುವೆ ಪಾರ್ಕಿನಲ್ಲಿ ಇನ್ನೊಂದು ಸಲ ಮಾತಾಡಿದೆ. ಬಟ್ಟೆ ಕೇಳಲು ಅಲ್ಲ. ಸಭೆಯಲ್ಲಿ ಹೀಗಾಯಿತು ಎಂದು ಹೇಳಿ, ಬರಬೇಕು ಎಂದು ಕರೆದೆ. ನನಗೆ ಗೊತ್ತಿದ್ದದ್ದನ್ನೂ ಹೇಳಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯಾಯಿತು, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ ಎಂದೆ. ಉತ್ಸಾಹದಲ್ಲಿ ಹೇಳುತ್ತಲೇ ಹೋದೆ. ಅವರು ಎಲ್ಲ ಕೇಳಿಸಿಕೊಂಡು, ‘ಗೊತ್ತೈತ್ರಿ. ನನ್ನ ಅಕ್ಕನ ಸೊಸಿ ಆ ಕಡೇಕ ಹೊಲಿಗಿ ಕೆಲಸ ಮಾಡ್ತಾಳ’ ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ನವೆಂಬರಿನ ಮೊದಲ ಭಾನುವಾರ ಸಂಜೆ. ನಡಿಗೆಯ ದಾರಿ ಬಾವುಟದ ಕಂಬದಿಂದ ಸಂಪಿಗೆ ಮರದವರೆಗೆ, ಎರಡೂ ಬದಿಗೆ ರಂಗೋಲಿ. ವಾಚನಾಲಯವೇ ಬಣ್ಣದ ಮನೆ. ಮಾಡಬೇಕೆಂದಿರುವ ಬಡಾವಣೆಯವರು ಇದ್ದರೆ ಒಂದು ಮಾತು: ಸೀರೆ ಉಡಿಸುವವರು ಕನಿಷ್ಠ ಇಬ್ಬರು ಬೇಕು, ಸೇಫ್ಟಿ ಪಿನ್ ಎಷ್ಟು ತಂದರೂ ಸಾಲದು. ನಾವು ತಂದ ಮೂರು ಪ್ಯಾಕೆಟ್ಟು ಅರ್ಧಕ್ಕೇ ಮುಗಿದವು. ಕೊಡಗಿನವರು ಕಪ್ಪು ಕುಪ್ಯ, ಕೆಂಪು ಚೇಲೆ ತೊಟ್ಟು ಬಂದರು. ಸೊಂಟದ ಪೀಚೆ ಕತ್ತಿ ನೋಡಿ ಕಾರ್ಯದರ್ಶಿಗಳು ಗಾಬರಿಯಾದರು. ‘ಒರೆಯಿಂದ ತೆಗೆಯುವುದಿಲ್ಲ’ ಎಂದು ಮಾತು ಕೊಟ್ಟ ಮೇಲೆ ಬಿಟ್ಟರು. ಅವರ ಪತ್ನಿ ನೆರಿಗೆಯನ್ನು ಹಿಂದಕ್ಕೆ ಉಟ್ಟಿದ್ದರು. ಕಾವೇರಿ ಹರಿದು ಬಂದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಕಥೆಯನ್ನು ಅವರು ಹೇಳಿದಾಗ ಮಕ್ಕಳೆಲ್ಲ ತಿರುಗಿಸಿ ತೋರಿಸಿ ಎಂದು ಕೂಗಿದರು. ಕಾವಲಿನ ನೇಪಾಳಿ ಅಣ್ಣ ಢಾಕಾ ಟೋಪಿಯನ್ನು ಓರೆಯಾಗಿ ಇಟ್ಟುಕೊಂಡು ನಡೆದ. ಅರ್ಧ ದಾರಿಯಲ್ಲಿ ಗೇಟಿನ ಹತ್ತಿರ ಕಾರಿನ ಹಾರನ್ ಕೇಳಿ ಓಡಿಹೋದ. ಗೇಟು ತೆಗೆದು ಮತ್ತೆ ಬಂದು ಉಳಿದರ್ಧ ನಡೆದ. ಅವನಿಗೆ ಬಿದ್ದಷ್ಟು ಚಪ್ಪಾಳೆ ನನಗೆ ಬೀಳಲಿಲ್ಲ. ನನ್ನ ಕಚ್ಚೆ ಸಂಪಿಗೆ ಮರದವರೆಗೆ ನಿಂತಿತು, ಅಷ್ಟು ಸಾಕು.

ಹದಿನಾಲ್ಕೂ ಮುಗಿದು ಕೇಸರಿಬಾತಿನ ತಟ್ಟೆ ಹಂಚುವ ಹೊತ್ತಿಗೆ ಗೇಟಿನ ಬಳಿಯಿಂದ ಒಬ್ಬ ಹುಡುಗಿ ಬಂದಳು. ಪಾರ್ಕಿನವರ ಮೊಮ್ಮಗಳು, ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ತೊಟ್ಟದ್ದು ಚೂಡಿದಾರ. ಎರಡೂ ಅಂಗೈ ಮೇಲೆ, ಪೂಜೆಯ ತಟ್ಟೆ ಹಿಡಿದ ಹಾಗೆ, ಒಂದು ಕಾಂಚಳಿ. ‘ನನಗೆ ಇದು ದೊಡ್ಡದಾಗುತ್ತೆ, ಅದಕ್ಕೆ ಹಾಕಿಲ್ಲ’ ಎಂದು ಮೈಕಿನಲ್ಲಿ ಹೇಳಿದಳು. ‘ನಮ್ಮಜ್ಜಿಯ ಅವ್ವ ಹೊಲಿದದ್ದು. ಇದರಲ್ಲಿ 62 ಕನ್ನಡಿ ಇವೆ.’

‘ಅರವತ್ನಾಕು!’ ಎಂದು ಹಿಂದಿನಿಂದ ಒಂದು ದನಿ ಬಂತು. ‘ಎರಡು ಬಿದ್ದಾವ!’

ಎಲ್ಲರೂ ತಿರುಗಿ ನೋಡಿದರು. ಕಾವಲಿನವನ ಸ್ಟೂಲಿನ ಮೇಲೆ ಕುಳಿತಿದ್ದವರು ಎದ್ದರು. ಚಪ್ಪಲಿ ಅಲ್ಲೇ ಬಿಟ್ಟು, ರಂಗೋಲಿಯ ನಡುವಿನ ದಾರಿಯಲ್ಲಿ ನಡೆದು ಬಂದು, ಬಿದ್ದ ಎರಡು ಕನ್ನಡಿಯ ಜಾಗವನ್ನು ಬೆರಳಿಟ್ಟು ತೋರಿಸಿದರು. ಹೆಂಗಸರೆಲ್ಲ ಸುತ್ತ ಸೇರಿದರು. ಕಸೂತಿಯ ಬಾಗಲಕೋಟೆಯವರು ಕನ್ನಡಕ ಏರಿಸಿಕೊಂಡು, ಈ ಹೊಲಿಗೆ ಹೇಗೆ ಹಾಕುತ್ತೀರಿ ಎಂದು ಕೇಳಿದರು. ನನ್ನ ಮೊಮ್ಮಗಳು ಮುಟ್ಟಬಹುದೇ ಎಂದು ಕೇಳಿ ಮುಟ್ಟಿದಳು. ಕೇಸರಿಬಾತು ಆರಿಹೋಯಿತು.

ತಿಂಗಳ ಕೊನೆಗೆ ಸಂಬಳದ ವೋಚರು ಬರೆಯಲು ಕುಳಿತೆ. ಹಿಂದಿನ ತಿಂಗಳವರೆಗೆ ಆ ವೋಚರುಗಳಲ್ಲಿ ನನ್ನದೇ ಅಕ್ಷರದಲ್ಲಿ ‘ಪಾರ್ಕಿನವರಿಗೆ’ ಎಂದಿತ್ತು. ಒಂಬತ್ತು ವರ್ಷ! ಈ ಸಲ ಹೆಸರು ಬರೆದು ಸಹಿಗೆ ಮುಂದಿಟ್ಟೆ. ಅವರು ಅಕ್ಷರದ ಮೇಲೆ ಬೆರಳಾಡಿಸುತ್ತಾ ನಿಧಾನವಾಗಿ ಓದಿದರು. ಆಮೇಲೆ ವೋಚರನ್ನು ನನ್ನ ಕಡೆಗೇ ತಳ್ಳಿದರು.

‘ಕಡೀಕ ಬಾಯಿ ಅಂತ ಐತ್ರಿ ಸರ. ಅದನ್ನೂ ಹಾಕ್ರಿ.’

ಹಾಕಿದೆ. ತಿದ್ದಿದ ಕಡೆ ನಿಯಮದ ಪ್ರಕಾರ ನಾನೂ ಒಂದು ಚಿಕ್ಕ ಸಹಿ ಮಾಡಿದೆ.